ಸೀರೆ ಅಂಗಡಿಯಲ್ಲಿ ಹಿಂದಿಯ ಬಣ್ಣಗಳು: ಹೆಸರು ಒಂದು, ಸಂದರ್ಭ ಹಲವು

ಪ್ರಶ್ನೆ: ತುಮಕೂರಿನ ಬಟವಾಡಿಯ ಹತ್ತಿರ ಸೀರೆ ಮತ್ತು ಡ್ರೆಸ್ ಮೆಟೀರಿಯಲ್ ಅಂಗಡಿ ಇಟ್ಟುಕೊಂಡಿದ್ದೇನೆ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಕೆಲಸಕ್ಕಿರುವ ಬಿಹಾರ, ಉತ್ತರ ಪ್ರದೇಶ, ಬಂಗಾಳದ ಕುಟುಂಬದವರು ಈಚೆಗೆ ಹೆಚ್ಚಾಗಿ ಬರುತ್ತಿದ್ದಾರೆ. ಹೈಸ್ಕೂಲಿನಲ್ಲಿ ಹಿಂದಿ ಓದಿದ್ದರಿಂದ ಲಾಲ್, ಪೀಲಾ, ನೀಲಾ, ಹರಾ ಎಲ್ಲವೂ ಬಾಯಿಪಾಠವಿದೆ. ಆದರೂ ಗಿರಾಕಿಗಳ ಮುಂದೆ ತಡವರಿಸುತ್ತೇನೆ. ಒಬ್ಬರು ‘ಧಾನಿ ರಂಗ್’ ಕೇಳಿದಾಗ, ಧನಿಯಾ ಇರಬೇಕೆಂದುಕೊಂಡು ಕೊತ್ತಂಬರಿ ಸೊಪ್ಪಿನ ಕಡುಹಸಿರು ತೋರಿಸಿದೆ. ಅವರು ಬೇಡವೆಂದು ಎದ್ದು ಹೋದರು. ಇನ್ನೊಮ್ಮೆ ಉತ್ತರ ಪ್ರದೇಶದ ಹಿರಿಯರೊಬ್ಬರು ಹೊಸ ಸೊಸೆಗೆ ಸೀರೆ ನೋಡಲು ಬಂದಿದ್ದಾಗ ಕೆಂಪಂಚಿನ ಬಿಳಿ ರೇಷ್ಮೆ ಸೀರೆ ಬಿಚ್ಚಿ ಹಾಸಿದೆ. ‘ಶುಭ್ ಕಾಮ್ ಹೈ’ ಎಂದು ಮುಖ ಗಂಟಿಕ್ಕಿಕೊಂಡು ಅದನ್ನು ಪಕ್ಕಕ್ಕೆ ಸರಿಸಿದರು. ಅದೇ ಸೀರೆಯನ್ನು ಕೆಲವು ದಿನಗಳ ನಂತರ ಬಂಗಾಳದ ಹೆಂಗಸೊಬ್ಬರು ದುರ್ಗಾ ಪೂಜೆಗೆಂದು ಸಂತೋಷದಿಂದ ಕೊಂಡರು. ಕೆಂಪು ಶುಭ, ಬಿಳಿ ಸೂತಕ, ಕಪ್ಪು ಅಶುಭ, ಹಸಿರು ಮುಸ್ಲಿಮರದು ಎಂದು ವಿಡಿಯೊ ಒಂದರಲ್ಲಿ ಹೇಳುತ್ತಾರೆ. ಇದನ್ನು ನಂಬಬಹುದೇ? ಬಣ್ಣಗಳ ಪಟ್ಟಿ ಮಾಡಿ ಕಲಿಯಬೇಕೇ, ಮಗಳು ಹೇಳುವಂತೆ ಫೋನಿನ ಅನುವಾದ ಬಳಸಬೇಕೇ, ಹಿಂದಿ ಬರುವ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕೇ? ಈ ವಯಸ್ಸಿನಲ್ಲಿ ಹಿಂದಿ ಪರೀಕ್ಷೆ ಕಟ್ಟುವುದರಿಂದ ಪ್ರಯೋಜನವಿದೆಯೇ? ಕೊನೆಯದಾಗಿ, ಗಿರಾಕಿಯ ಮೈಬಣ್ಣಕ್ಕೆ ಯಾವುದು ಒಪ್ಪುತ್ತದೆ ಎಂದು ಹಿಂದಿಯಲ್ಲಿ ಹೇಗೆ ಹೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದರೊಳಗೊಂದು ಸೇರಿಕೊಂಡಿವೆ. ಧಾನಿ ಎಂದರೆ ಯಾವ ಬಣ್ಣ ಎಂಬುದು ಶಬ್ದದ ತೊಂದರೆ. ಬಿಳಿ ಸೀರೆಯನ್ನು ಒಬ್ಬರು ಸರಿಸಿ ಇನ್ನೊಬ್ಬರು ಕೊಂಡದ್ದು ಸಂದರ್ಭದ ತೊಂದರೆ. ಮೊದಲನೆಯದನ್ನು ಕಲಿತ ಮಾತ್ರಕ್ಕೆ ಎರಡನೆಯದು ಪರಿಹಾರವಾಗುವುದಿಲ್ಲ. ದುಡಿಯುವ ವಯಸ್ಕರಿಗೆ ಹಿಂದಿ ಹೇಳಿಕೊಡುತ್ತಾ ಬಂದ ನನಗೆ ಕಂಡಿರುವಂತೆ, ನಮ್ಮ ಕಡೆಯ ವ್ಯಾಪಾರಸ್ಥರು ಬಣ್ಣದ ಹೆಸರುಗಳಲ್ಲಿ ಎಡವುವುದಕ್ಕಿಂತ ಹೆಚ್ಚಾಗಿ, ಹೆಸರು ಗೊತ್ತಿದ್ದ ಮೇಲೆ ಅರ್ಥವೂ ಗೊತ್ತಾಯಿತು ಎಂಬ ನಂಬಿಕೆಯಲ್ಲಿ ಎಡವುತ್ತಾರೆ.

ಶಬ್ದದಿಂದಲೇ ಆರಂಭಿಸೋಣ. ಶಾಲೆಯ ಗೋಡೆಪಟದಲ್ಲಿರುವ ಹತ್ತು ಹನ್ನೆರಡು ಹೆಸರುಗಳು ಪೇಟೆಯ ಹಿಂದಿಗೆ ಒಂದು ಕಡೆ ಸಾಲುವುದಿಲ್ಲ, ಇನ್ನೊಂದು ಕಡೆ ಬೇಕಾಗುವುದೂ ಇಲ್ಲ. ಬೇಕಾಗುವುದಿಲ್ಲ ಎಂದದ್ದೇಕೆಂದರೆ, ಪಠ್ಯದಲ್ಲಿ ನಾವು ಕಲಿತ ‘ಬೈಂಗನಿ’, ‘ನಾರಂಗಿ’, ‘ಧೂಸರ್’ ಮುಂತಾದವುಗಳ ಜಾಗದಲ್ಲಿ ಇಂದಿನ ಹಿಂದಿ ಗಿರಾಕಿಗಳು, ಅದರಲ್ಲೂ ಚಿಕ್ಕ ವಯಸ್ಸಿನವರು, ಪರ್ಪಲ್, ಆರೆಂಜ್, ಗ್ರೇ ಎಂದೇ ಕೇಳುತ್ತಾರೆ. ಮರೂನ್ ಎಂಬುದು ಅವರ ಬಾಯಲ್ಲಿ ‘ಮೆಹರೂನ್’ ಆಗಿ ಹಿಂದಿಯದೇ ಶಬ್ದದಂತೆ ಕೇಳಿಸುತ್ತದೆ. ಸಾಲುವುದಿಲ್ಲ ಎಂದದ್ದು ಛಾಯೆಗಳ ವಿಷಯದಲ್ಲಿ. ಸೀರೆ ಕೊಳ್ಳುವವರು ಹಸಿರು ಬೇಕೆಂದು ಬರುವುದಿಲ್ಲ, ಇಂಥದೇ ಹಸಿರು ಬೇಕೆಂದು ಬರುತ್ತಾರೆ, ಮತ್ತು ಹಿಂದಿಯಲ್ಲಿ ಅಂಥ ಛಾಯೆಗಳ ಹೆಸರುಗಳು ಬಹುಪಾಲು ಹೊಲ, ಅಡುಗೆಮನೆ, ಹಣ್ಣಿನಂಗಡಿಗಳಿಂದ ಬಂದವು.

ಧಾನ್ ಎಂದರೆ ಭತ್ತ. ನಾಟಿಗೆ ಮುಂಚೆ ಸಸಿಮಡಿಯಲ್ಲಿ ಒತ್ತಾಗಿ ಎದ್ದ ಭತ್ತದ ಪೈರಿಗೆ, ಹಳದಿಯ ಕಡೆಗೆ ಸ್ವಲ್ಪ ವಾಲಿದ ತಿಳಿಹಸಿರು ಇರುತ್ತದಲ್ಲ, ಅದೇ ಧಾನಿ. ಧನಿಯಾಕ್ಕೂ ಧನಿಕರಿಗೂ ಅದಕ್ಕೆ ಸಂಬಂಧವಿಲ್ಲ. ಅಂಗೂರಿ ಎಂದರೆ ಹಸಿ ದ್ರಾಕ್ಷಿಯ ಹಸಿರು. ಧಾನಿಗಿಂತ ತೆಳು, ಸ್ವಲ್ಪ ತಣ್ಣನೆಯದು. ಪ್ಯಾಜಿ ಎಂದರೆ ಈರುಳ್ಳಿಯದು, ಅಂದರೆ ನಸುಗೆಂಪು ಬೆರೆತ ಗುಲಾಬಿ. ಜಾಮುನಿ ನೇರಳೆ ಹಣ್ಣಿನದು. ನಮ್ಮಲ್ಲೂ ನೇರಳೆ ಹಣ್ಣೂ ಹೌದು, ಬಣ್ಣವೂ ಹೌದು. ಕತ್ಥಈ ಎಂಬುದು ವೀಳ್ಯಕ್ಕೆ ಹಚ್ಚುವ ಕಾಚಿನ ಕೆಂಗಂದು, ಬಾದಾಮಿ ಎಂಬುದು ಬಾದಾಮಿ ಸಿಪ್ಪೆಯ ತಿಳಿಗಂದು, ಫಿರೋಜಿ ಎಂಬುದು ಫಿರೋಜಾ ಹರಳಿನ ಹಸಿರುನೀಲಿ, ಆಸ್ಮಾನಿ ಬಾನಿನ ತಿಳಿನೀಲಿ, ಸುರ್ಮಈ ಕಣ್ಣಿಗೆ ಹಚ್ಚುವ ಸುರ್ಮಾದ ಕಪ್ಪುಬೂದು. ರಾಣಿ ಎಂದರೆ ಕಣ್ಣಿಗೆ ಹೊಡೆಯುವ ಗಾಢ ಗುಲಾಬಿ. ಇದನ್ನು ನಮ್ಮ ಸೀರೆ ವ್ಯಾಪಾರದವರು ಹೇಗೂ ರಾಣಿ ಪಿಂಕ್ ಎಂದೇ ಕರೆಯುತ್ತಾರೆ. ಕನಕಾಂಬರ ಬಣ್ಣ, ಗಿಳಿಹಸಿರು, ನಶ್ಯದ ಬಣ್ಣ, ಇಟ್ಟಿಗೆ ಬಣ್ಣ, ಮೈಲುತುತ್ತದ ಬಣ್ಣ ಎಂದು ದಿನವೂ ಹೇಳುವ ನಿಮಗೆ ಈ ಕ್ರಮ ಹೊಸದೇನಲ್ಲ. ವಸ್ತುಗಳು ಮಾತ್ರ ಬೇರೆ. ಆದ್ದರಿಂದ ‘ಧಾನಿ ಅಂದರೆ ತಿಳಿಹಸಿರು’ ಎಂದು ಬರೆದುಕೊಳ್ಳುವ ಬದಲು ‘ಧಾನಿ ಅಂದರೆ ಸಸಿಮಡಿ’ ಎಂದು ಬರೆದುಕೊಳ್ಳಿ. ಹಾಗೆ ಕಲಿತದ್ದು ಕೈಬಿಡುವುದಿಲ್ಲ.

ಕನ್ನಡಿಗರಿಗಾಗಿಯೇ ಕಾದಿರುವ ಕೆಲವು ತೊಡಕುಗಳಿವೆ. ಹಿಂದಿಯಲ್ಲಿ ಹಲ್ದಿ ಎಂದರೆ ಅರಿಶಿನ, ಬಣ್ಣವಲ್ಲ, ಬಣ್ಣಕ್ಕೆ ಪೀಲಾ. ‘ಹಲ್ದಿ ಕೇ ಲಿಯೇ ಸಾಡೀ’ ಎಂದು ಕೇಳಿದರೆ ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಸೀರೆ ಬೇಕೆಂದು ಅರ್ಥ. ಅದು ಹಳದಿಯದೇ ಆಗಿರುವುದು ವಾಡಿಕೆಯಾದರೂ, ಮೈಮೇಲೆ ಅರಿಶಿನ ಸುರಿಯುವ ದಿನಕ್ಕೆ ಬೆಲೆಬಾಳುವ ರೇಷ್ಮೆಯನ್ನು ಯಾರೂ ಉಡುವುದಿಲ್ಲವಾದ್ದರಿಂದ ಹಗುರ ಬೆಲೆಯ, ಒಗೆಯಬಹುದಾದ ಬಟ್ಟೆ ತೋರಿಸಬೇಕು. ಗುಲಾಬಿ ನಮಗೆ ಹೂವೂ ಹೌದು, ಬಣ್ಣವೂ ಹೌದು. ಅವರಿಗೆ ಹೂವು ಗುಲಾಬ್, ಬಣ್ಣ ಮಾತ್ರ ಗುಲಾಬಿ. ಆ ಬಣ್ಣದ ವ್ಯಾಪ್ತಿಯೂ ದೊಡ್ಡದು. ಗುಲಾಬಿ ನಗರಿ ಎಂದು ಹೆಸರಾದ ಜೈಪುರಕ್ಕೆ 1876ರಲ್ಲಿ ಬ್ರಿಟಿಷ್ ಯುವರಾಜನ ಭೇಟಿಯ ಸಂದರ್ಭದಲ್ಲಿ ಬಳಿಸಿದರೆಂದು ಪ್ರಸಿದ್ಧವಾದ ಬಣ್ಣವು, ಹತ್ತಿರ ಹೋಗಿ ನೋಡಿದರೆ ಬಹಳಮಟ್ಟಿಗೆ ಕೆಮ್ಮಣ್ಣಿನದು.

ಎಲ್ಲಕ್ಕಿಂತ ಅಪಾಯದ್ದು ಕಂದು. ಹಿಂದಿಯಲ್ಲಿ ಅದು ‘ಭೂರಾ’. ಮಹಾಪ್ರಾಣವನ್ನು ಮಾತಿನಲ್ಲಿ ಸಲೀಸಾಗಿ ನುಂಗಿಬಿಡುವ ನಾವು ಅದನ್ನು ‘ಬುರಾ’ ಎಂದುಬಿಟ್ಟರೆ ‘ಕೆಟ್ಟದ್ದು’ ಎಂದಾಗುತ್ತದೆ. ‘ಯಹ್ ಬುರೀ ಸಾಡೀ ದೇಖಿಯೇ’ ಎಂದು ನೀವೇ ನಿಮ್ಮ ಸರಕನ್ನು ಹಳಿದಂತಾಗಬಾರದು. ಭೂ ಅಕ್ಷರಕ್ಕೆ ಉಸಿರು ಕೊಟ್ಟು, ಎಳೆದು ಹೇಳಿ; ಅನುಮಾನವಿದ್ದರೆ ಬ್ರೌನ್ ಎಂದುಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ವ್ಯಾಕರಣ. ಕೆಂಪು ಸೀರೆ, ಕೆಂಪು ಕುರ್ತಾ ಎಂದು ಕನ್ನಡದಲ್ಲಿ ಬಣ್ಣ ಬದಲಾಗದೆ ನಿಲ್ಲುತ್ತದೆ. ಹಿಂದಿಯಲ್ಲಿ ‘ಆ’ಕಾರದಿಂದ ಮುಗಿಯುವ ಪೀಲಾ, ನೀಲಾ, ಹರಾ, ಕಾಲಾ, ಭೂರಾ ಇವು ವಸ್ತುವಿನ ಲಿಂಗವನ್ನು ಅನುಸರಿಸಿ ಪೀಲೀ ಸಾಡೀ, ಪೀಲಾ ಲಹಂಗಾ, ಪೀಲೇ ಕುರ್ತೇ ಎಂದು ಬದಲಾಗುತ್ತವೆ, ಲಾಲ್, ಸಫೇದ್, ಗುಲಾಬಿ, ಧಾನಿ, ಫಿರೋಜಿ ಬದಲಾಗುವುದಿಲ್ಲ. ಯಾವ ಬಟ್ಟೆ ಸ್ತ್ರೀಲಿಂಗ, ಯಾವುದು ಪುಲ್ಲಿಂಗ ಎಂದು ಗಲ್ಲಾದ ಮುಂದೆ ನಿಂತು ಯೋಚಿಸುವುದು ಕಷ್ಟ. ಅದಕ್ಕೆ ಒಂದು ಸುಲಭದ ದಾರಿಯಿದೆ: ಬಣ್ಣದ ನಂತರ ‘ರಂಗ್’ ಸೇರಿಸಿ ಹೇಳಿ. ‘ಪೀಲೇ ರಂಗ್ ಕೀ ಸಾಡೀ’, ‘ಪೀಲೇ ರಂಗ್ ಕಾ ಲಹಂಗಾ’. ಮುಂದಿನ ಕೀ, ಕಾ ಬದಲಾದರೂ ಬಣ್ಣದ ರೂಪ ಪೀಲೇ, ನೀಲೇ, ಹರೇ, ಕಾಲೇ ಎಂದು ಒಂದೇ ಆಗಿರುತ್ತದೆ. ಒಂದು ವೇಳೆ ಕೀ, ಕಾ ತಪ್ಪಿದರೂ ಗಿರಾಕಿಗೆ ಅರ್ಥ ಕೆಡುವುದಿಲ್ಲ. ತಿಳಿಬಣ್ಣಕ್ಕೆ ಹಲ್ಕಾ, ಗಾಢಕ್ಕೆ ಗಹರಾ, ಮಾಸಿದಂತಿದ್ದರೆ ಫೀಕಾ, ಢಾಳಾಗಿದ್ದರೆ ಚಟಕ್ ಎಂಬ ನಾಲ್ಕು ಮಾತು ಜೊತೆಗಿರಲಿ. ‘ರಂಗ್ ತೋ ನಹೀಂ ಛೋಡೇಗೀ?’ ಎಂದು ಕೇಳಿದರೆ ಸೀರೆ ಬಣ್ಣ ಬಿಡುವುದಿಲ್ಲ ತಾನೇ ಎಂದು. ಅದು ನಮ್ಮ ಮಾತೇ.

ನಿಮ್ಮ ಗಿರಾಕಿಗಳೆಲ್ಲರ ಮನೆಮಾತು ಹಿಂದಿಯಲ್ಲ ಎಂಬುದನ್ನೂ ನೆನಪಿಡಿ. ಬಿಹಾರದ ಪಶ್ಚಿಮ ಭಾಗ, ಉತ್ತರ ಪ್ರದೇಶದ ಪೂರ್ವ ಭಾಗದವರು ತಮ್ಮತಮ್ಮಲ್ಲಿ ಭೋಜಪುರಿ ಆಡುತ್ತಾರೆ. ಅದರಲ್ಲಿ ಹಳದಿ ಪಿಯರ್, ಹಸಿರು ಹರಿಯರ್, ಬಿಳಿ ಉಜ್ಜರ್. ಕಪ್ಪು ಕರಿಯಾ, ಇದನ್ನು ಕೇಳಿದಾಗ ನಮ್ಮವರು ಒಂದು ಕ್ಷಣ ಬೆರಗಾಗುವುದುಂಟು. ಪಾವಗಡ, ಮಧುಗಿರಿಯ ಕಡೆ ಕನ್ನಡದ ಜೊತೆಗೆ ತೆಲುಗನ್ನೂ ಆಡುತ್ತಾ ವ್ಯಾಪಾರ ಮಾಡುವವರಿಗೆ ಇಂಥ ಎರಡು ನುಡಿಗಳ ಸಂಸಾರ ಪರಿಚಿತವೇ.

ಈಗ ವಿಡಿಯೊದ ಪಟ್ಟಿಯ ವಿಷಯ. ಅದರಲ್ಲಿರುವುದು ಪೂರ್ತಿ ಸುಳ್ಳಲ್ಲ, ಆದರೆ ಎಲ್ಲ ಕಡೆಗೂ ಸಲ್ಲುವ ಸತ್ಯವೂ ಅಲ್ಲ. ಕೆಂಪು ಉತ್ತರದ ಬಹುತೇಕ ಕಡೆ ಮುತ್ತೈದೆತನದ ಬಣ್ಣ, ಮದುವಣಗಿತ್ತಿಯ ಬಣ್ಣ ಎಂಬಷ್ಟು ನಿಜ. ಬಿಳಿಯ ಮಾತು ಹಾಗಲ್ಲ. ಹಿಂದಿ ನಾಡಿನ ಹಿರಿಯರಿಗೆ ಬಿಳಿ ಸೀರೆ ಎಂದೊಡನೆ ಹಿಂದಿನ ಕಾಲದ ವಿಧವೆಯ ಉಡುಪು ಕಣ್ಣಮುಂದೆ ಬರುವುದರಿಂದ, ಸೊಸೆಗೆ ಮೊದಲ ಸೀರೆ ಕೊಳ್ಳುವಾಗ ನೆಲ ಬಿಳಿಯಾಗಿದ್ದರೆ ಅಂಚು ಯಾವ ಬಣ್ಣದ್ದಾದರೂ ಅವರ ಮನಸ್ಸು ಒಪ್ಪುವುದಿಲ್ಲ. ಬಂಗಾಳದಲ್ಲಿ ಅದೇ ಕೆಂಪಂಚಿನ ಬಿಳಿ ಸೀರೆ ಮುತ್ತೈದೆಯರು ದುರ್ಗೆಯ ಮುಂದೆ ಉಟ್ಟು ನಿಲ್ಲುವಂಥದು. ನಮ್ಮಲ್ಲಿಯೂ ಕೆಲವು ಮನೆತನಗಳಲ್ಲಿ ಧಾರೆಗೆ ಬಿಳಿ ನೆಲದ ಸೀರೆಯೇ ಆಗಬೇಕು. ಹೀಗಾಗಿ ನೀವು ಆ ಸೀರೆ ಹಾಸಿದ್ದರಲ್ಲಿ ನಮ್ಮ ಕಡೆಯ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಯಾವ ಸಂದರ್ಭಕ್ಕೆ, ಯಾವ ಊರಿನವರು ಎಂಬುದನ್ನು ಕೇಳುವ ಮೊದಲೇ ಅದು ಕಪಾಟಿನಿಂದ ಇಳಿದಿತ್ತು, ಅಷ್ಟೇ. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಗಂಡನನ್ನು ಕಳೆದುಕೊಂಡವರೆಂದು ತಿಳಿದೊಡನೆ ಕೇಳದೆಯೇ ಬಿಳಿ, ಬೂದು ಸೀರೆಗಳನ್ನು ಮುಂದಿಡುವ ಅಂಗಡಿಗಳಿವೆ. ಅದು ಬಿಳಿ ಸೀರೆಯನ್ನು ಸೊಸೆಗೆ ತೋರಿಸಿದ್ದಕ್ಕಿಂತ ಹೆಚ್ಚಿನ ನೋವು ಕೊಡುತ್ತದೆ.

ಕಪ್ಪಿನ ಕಥೆ ಇನ್ನೂ ಸ್ವಾರಸ್ಯದ್ದು. ಮದುವೆ, ಪೂಜೆಗಳಿಗೆ ಉತ್ತರದವರು ಕಪ್ಪನ್ನು ಸಾಮಾನ್ಯವಾಗಿ ದೂರವಿಡುತ್ತಾರೆ. ಆದರೆ ಮಗುವಿಗೆ ದೃಷ್ಟಿ ತಾಗದಿರಲೆಂದು ಇಡುವ ‘ಕಾಲಾ ಟೀಕಾ’ ಕಪ್ಪೇ, ಕಟ್ಟುವ ದಾರ ಕಪ್ಪೇ, ಮಂಗಳಸೂತ್ರದ ಕರಿಮಣಿಯೂ ಕಪ್ಪೇ. ಮಹಾರಾಷ್ಟ್ರದಲ್ಲಂತೂ ಮದುವೆಯಾದ ಮೊದಲ ಸಂಕ್ರಾಂತಿಗೆ ಹೊಸ ಸೊಸೆಗೆ ಕಪ್ಪು ಸೀರೆಯನ್ನೇ ಉಡಿಸುತ್ತಾರೆ. ಹಸಿರು ಮುಸ್ಲಿಮರದು ಎಂಬ ಮಾತು ಇವೆಲ್ಲಕ್ಕಿಂತ ಹುರುಳಿಲ್ಲದ್ದು. ಮುಸ್ಲಿಮರಲ್ಲಿ ಹಸಿರಿಗೆ ಗೌರವವಿದೆ, ನಿಜ. ಆದರೆ ಉತ್ತರ ಭಾರತದ ಎಷ್ಟೋ ಮುಸ್ಲಿಂ ಮದುವಣಗಿತ್ತಿಯರು ಉಡುವುದು ಕೆಂಪನ್ನೇ, ಮತ್ತು ಹಿಂದೂ ಹೆಂಗಸರು ಸಾವನ್ ತಿಂಗಳಿಡೀ ಹಸಿರು ಬಳೆ, ಹಸಿರು ಸೀರೆ ಹುಡುಕಿಕೊಂಡು ಬರುತ್ತಾರೆ. ನಮ್ಮ ಸೀಮಂತದ ಹಸಿರು ಬಳೆಯನ್ನು ಆ ವಿಡಿಯೊದವರು ಯಾವ ಲೆಕ್ಕಕ್ಕೆ ಸೇರಿಸುತ್ತಾರೋ ತಿಳಿಯದು.

ಸಾವನ್ ಎಂದಾಗ ವ್ಯಾಪಾರಕ್ಕೆ ನೇರವಾಗಿ ಉಪಯೋಗಕ್ಕೆ ಬರುವ ಒಂದು ವಿಷಯವಿದೆ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರದವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ಹೀಗಾಗಿ ಅವರ ಸಾವನ್ ನಮ್ಮ ಶ್ರಾವಣಕ್ಕಿಂತ ಹದಿನೈದು ದಿನ ಮೊದಲೇ ಆರಂಭವಾಗುತ್ತದೆ. 2025ರಲ್ಲಿ ಅವರಿಗೆ ಸಾವನ್ ಜುಲೈ 11ಕ್ಕೆ ಬಂತು, ನಮಗೆ ಶ್ರಾವಣ ಜುಲೈ 25ಕ್ಕೆ. ನಾವು ಆಷಾಢವೆಂದು ಶುಭಕಾರ್ಯಗಳನ್ನೆಲ್ಲ ಮುಂದೂಡಿ, ಅಂಗಡಿಗಳಲ್ಲಿ ರಿಯಾಯಿತಿ ಮಾರಾಟದ ಬೋರ್ಡು ಹಾಕಿಕೊಂಡು ಕೂತಿರುವಾಗಲೇ ಅವರಿಗೆ ಹಸಿರಿನ ತಿಂಗಳು ಶುರುವಾಗಿರುತ್ತದೆ. ಶುಕ್ಲಪಕ್ಷದ ಹಬ್ಬಗಳಲ್ಲಿ ಈ ವ್ಯತ್ಯಾಸವಿರುವುದಿಲ್ಲ. ನಮ್ಮ ಗೌರಿ ಹಬ್ಬದ ದಿನವೇ, ಅಂದರೆ ಭಾದ್ರಪದ ಶುದ್ಧ ತದಿಗೆಯಂದೇ, ಅವರ ಹರತಾಲಿಕಾ ತೀಜ್. ಆಗ ಕೆಂಪು, ಹಸಿರು ಎರಡೂ ಓಡುತ್ತವೆ. ದೀಪಾವಳಿಗೆ ಮುಂಚಿನ ಬಹುಳ ಚೌತಿಗೆ ಬರುವ ಕರ್ವಾ ಚೌಥ್‌ಗೆ ಕೆಂಪು. ದೀಪಾವಳಿ ಕಳೆದು ಕಾರ್ತಿಕ ಶುದ್ಧ ಷಷ್ಠಿಗೆ ಬಿಹಾರದವರ ಛಠ್. ಮೂಗಿನ ತುದಿಯಿಂದ ಬೈತಲೆಯವರೆಗೆ ಕಿತ್ತಳೆ ಬಣ್ಣದ ಸಿಂಧೂರ ಎಳೆದುಕೊಂಡು ಹಳದಿ, ಕಿತ್ತಳೆ, ಕೆಂಪು ಸೀರೆಗಳಲ್ಲಿ ನೀರಿಗಿಳಿದು ಸೂರ್ಯನಿಗೆ ಅರ್ಘ್ಯ ಕೊಡುವ ಹಬ್ಬವದು. ಮಾಘ ಶುದ್ಧ ಪಂಚಮಿಗೆ, ಅಂದರೆ ಬಸಂತ್ ಪಂಚಮಿಗೆ, ಬಸಂತಿ ಎಂದು ಕರೆಯುವ ಸಾಸಿವೆ ಹೂವಿನ ಹಳದಿ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ ನೀಲಿ ಕೇಳುವವರಿದ್ದಾರೆ. ನವರಾತ್ರಿಗೆ ದಿನಕ್ಕೊಂದು ಬಣ್ಣವೆಂದು ಹರಿದಾಡುವ ಪಟ್ಟಿ ಮಾತ್ರ ಶಾಸ್ತ್ರದಿಂದ ಬಂದದ್ದಕ್ಕಿಂತ ಪತ್ರಿಕೆಗಳಿಂದ ಹಬ್ಬಿದ್ದು. ಆದರೂ ಗಿರಾಕಿ ಅದನ್ನು ಹಿಡಿದುಕೊಂಡು ಬಂದರೆ ವಾದಕ್ಕಿಳಿಯಬೇಡಿ.

ಹಳದಿಯ ವಿಷಯದಲ್ಲಿ ಇನ್ನೆರಡು ಮಾತು. ಭೋಜಪುರಿ ಮನೆಗಳಲ್ಲಿ ಶುಭಕಾರ್ಯಕ್ಕೆ ಉಡುವ, ದೇವಿಗೂ ಗಂಗೆಗೂ ಅರ್ಪಿಸುವ ಹಳದಿ ಸೀರೆಗೆ ‘ಪಿಯರಿ’ ಎಂದೇ ಹೆಸರು. ಯಾರಾದರೂ ‘ಬಿಟಿಯಾ ಕೇ ಹಾಥ್ ಪೀಲೇ ಕರ್ನೇ ಹೈಂ’ ಎಂದರೆ ಹಳದಿ ಬಟ್ಟೆ ಹುಡುಕಲು ಹೋಗಬೇಡಿ. ಮಗಳ ಮದುವೆ ಮಾಡಬೇಕು ಎಂದು ಅದರ ಅರ್ಥ. ಆಗ ಅವರನ್ನು ಕೂರಿಸಿ, ನೀರು ಕೊಟ್ಟು, ಕೆಂಪಿನಿಂದ ಆರಂಭಿಸಿ. ಕೇಸರಿಯಲ್ಲೂ ಎರಡು ಬಗೆಯಿದೆ. ಕೇಸರಿಯಾ ಎಂದರೆ 1947ರ ಜುಲೈ 22ರಂದು ಸಂವಿಧಾನ ಸಭೆ ಅಂಗೀಕರಿಸಿದ ಧ್ವಜದ ಮೇಲ್ಪಟ್ಟಿಯ ಬಣ್ಣ. ರಾಜಸ್ಥಾನದವರಿಗೆ ಅದು ಶೌರ್ಯದ್ದು, ಮದುವೆಯ ಪೇಟದ್ದು. ಗೇರುವಾ, ಜೋಗಿಯಾ ಎಂದರೆ ಸನ್ಯಾಸಿಗಳ ಕಾವಿ. ಮದುವೆಗೆ ಕೇಸರಿಯಾ ಕೇಳಿದವರಿಗೆ ಕಾವಿ ತೋರಿಸಿದರೆ ನಗುತ್ತಾರೆ, ಅಥವಾ ನಗುವುದಿಲ್ಲ.

ನಿಮ್ಮ ಮುಂದಿರುವ ಆಯ್ಕೆಗಳಲ್ಲಿ ಪಟ್ಟಿ ಉರುಹೊಡೆಯುವುದನ್ನು ನಾನು ಬೆಂಬಲಿಸುವುದಿಲ್ಲ. ನಾಲಿಗೆಯ ಮೇಲಿರುವ ಹೆಸರು ಕಣ್ಣಿಗೆ ಬಣ್ಣವನ್ನು ತೋರಿಸದಿದ್ದರೆ ಗಿರಾಕಿಯ ಮುಂದೆ ಅದು ನೆರವಿಗೆ ಬರುವುದಿಲ್ಲ. ಅದನ್ನು ನೀವೇ ಅನುಭವಿಸಿದ್ದೀರಿ. ಫೋನಿನ ಅನುವಾದ ವಾಕ್ಯಗಳಿಗೆ ಪರವಾಗಿಲ್ಲ, ಛಾಯೆಗಳಿಗೆ ನಂಬುವಂಥದ್ದಲ್ಲ: ರಾಣಿ ಎಂಬುದಕ್ಕೆ ಅರಸನ ಹೆಂಡತಿ ಎಂದೂ ಪ್ಯಾಜಿ ಎಂಬುದಕ್ಕೆ ಈರುಳ್ಳಿ ಎಂದೂ ಅದು ಹೇಳಿದರೆ ಅದರ ತಪ್ಪೇನೂ ಇಲ್ಲ. ಬಳಸುವುದಾದರೆ ಅನುವಾದಕ್ಕೆ ಬದಲು ಚಿತ್ರಕ್ಕೆ ಬಳಸಿ. ಗಿರಾಕಿಯ ಫೋನಿನಲ್ಲಿ ಅವರು ಮೆಚ್ಚಿದ ಸೀರೆಯ ಫೋಟೊ ಇದೆಯೇ ಎಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಫೋಟೊದ ಬಣ್ಣ ಪರದೆಯಿಂದ ಪರದೆಗೆ ವ್ಯತ್ಯಾಸವಾಗುತ್ತದೆ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡಿ.

ಹಿಂದಿ ಬರುವ ಹುಡುಗಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದೇ, ಸಂಬಳ ಹೊಂದುವುದಾದರೆ. ಆದರೆ ಆಕೆ ಬಿಹಾರದವಳಾದರೆ ಬಿಹಾರದ ಪದ್ಧತಿಯನ್ನೇ ಎಲ್ಲರ ಪದ್ಧತಿ ಎಂದು ತಿಳಿದು ಬಂಗಾಳದವರಿಗೆ ಬಿಳಿ ಬೇಡವೆಂದು ತಾನೇ ತೀರ್ಮಾನಿಸಿಬಿಡಬಹುದು. ಎಲ್ಲವನ್ನೂ ಆಕೆಯ ಬಾಯಿಗೇ ಬಿಟ್ಟರೆ ನೀವು ಕಲಿಯುವುದೂ ನಿಲ್ಲುತ್ತದೆ, ಆಕೆ ಕೆಲಸ ಬಿಟ್ಟ ದಿನ ಮೊದಲಿದ್ದಲ್ಲಿಗೇ ಬರುತ್ತೀರಿ.

ನನ್ನ ಸಲಹೆ ಇದು. ಬ್ಲೌಸ್ ಪೀಸುಗಳಲ್ಲಿ ಉಳಿದ ತುಂಡುಗಳನ್ನು ಒಂದೊಂದು ಅಂಗೈಯಗಲಕ್ಕೆ ಕತ್ತರಿಸಿ ಒಂದು ದಪ್ಪ ಪುಸ್ತಕದಲ್ಲಿ ಅಂಟಿಸಿ, ಒಂದೊಂದರ ಕೆಳಗೆ ನೀವು ಕರೆಯುವ ಹೆಸರನ್ನೂ ಗಿರಾಕಿ ಕರೆದ ಹೆಸರನ್ನೂ ಕನ್ನಡ ಅಕ್ಷರದಲ್ಲೇ ಬರೆಯಿರಿ. ‘ಇಸ್ ರಂಗ್ ಕೋ ಆಪ್ ಕ್ಯಾ ಕಹತೇ ಹೈಂ?’ ಎಂದು ಕೇಳಿದರೆ ಹೇಳದವರಿಲ್ಲ. ಒಂದೇ ತುಂಡಿಗೆ ಮೂರು ಹೆಸರು ಬಂದರೆ ಮೂರನ್ನೂ ಬರೆಯಿರಿ, ಯಾವ ಊರಿನವರೆಂದೂ ಬರೆಯಿರಿ. ಪುಸ್ತಕವನ್ನು ಬಿಸಿಲಿಗೆ ಇಟ್ಟರೆ ತುಂಡುಗಳು ಮಾಸುತ್ತವೆ, ಆದ್ದರಿಂದ ಗಲ್ಲಾದ ಒಳಗಿರಲಿ; ಟ್ಯೂಬ್‌ಲೈಟಿನ ಕೆಳಗೆ ಧಾನಿಗೂ ಅಂಗೂರಿಗೂ ವ್ಯತ್ಯಾಸ ತಿಳಿಯದಾದಾಗ ಬಾಗಿಲ ಬೆಳಕಿಗೆ ತಂದು ತೋರಿಸಿ. ಇದಕ್ಕೂ ಮೊದಲು, ಒಂದು ಸೀರೆಯನ್ನೂ ಬಿಚ್ಚುವ ಮುನ್ನ, ‘ಕಿಸ್ ಮೌಕೇ ಕೇ ಲಿಯೇ ಚಾಹಿಯೇ?’ ಎಂದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಯಾವ ಸಂದರ್ಭಕ್ಕೆ ಎಂಬುದಕ್ಕೆ ಸಿಗುವ ಉತ್ತರದಲ್ಲಿ ಹಬ್ಬ, ಊರು, ಯಾರಿಗೆ ಎಂಬುದೆಲ್ಲ ಅವರಿಂದಲೇ ಹೊರಬರುತ್ತದೆ. ಈ ಪ್ರಶ್ನೆಯನ್ನು ಹಿರಿಯರಿಗೆ ‘ಮಾತಾಜಿ’ ಎಂದೋ, ನಿಮ್ಮ ವಯಸ್ಸಿನವರಿಗೆ ‘ದೀದಿ’ ಎಂದೋ ಸೇರಿಸಿ ಕೇಳಿದರೆ ವಿಚಾರಣೆಯಂತೆ ಕೇಳಿಸುವುದಿಲ್ಲ.

ಪರೀಕ್ಷೆಯ ಬಗ್ಗೆ: 1918ರಲ್ಲಿ ಗಾಂಧೀಜಿಯವರಿಂದ ಆರಂಭವಾದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ ಪರೀಕ್ಷೆಗಳನ್ನು ಯಾವ ವಯಸ್ಸಿನಲ್ಲೂ ಕಟ್ಟಬಹುದು, ಓದು ಬರಹ ಗಟ್ಟಿಯಾಗುತ್ತದೆ. ಆದರೆ ಅವುಗಳ ಪಾಠಗಳಲ್ಲಿ ಪ್ಯಾಜಿಯನ್ನೋ ಅಂಗೂರಿಯನ್ನೋ ಹುಡುಕಬೇಡಿ. ಅಂಗಡಿಯ ಅಗತ್ಯಕ್ಕಾಗಿ ಮಾತ್ರ ಎಂದಾದರೆ ಆ ಶುಲ್ಕದ ಹಣಕ್ಕೆ ಒಂದು ಒಳ್ಳೆಯ ದಪ್ಪ ಪುಸ್ತಕವೂ ಅಂಟೂ ಬರುತ್ತವೆ.

ಮೈಬಣ್ಣದ ಪ್ರಶ್ನೆಗೆ ಚಿಕ್ಕ ಉತ್ತರ: ಆ ಮಾತೇ ಬೇಡ. ಗೋರಾ ಎಂದರೆ ಬಿಳಿ ಮೈಬಣ್ಣ, ಸಾಂವಲಾ ಎಂದರೆ ಎಣ್ಣೆಗೆಂಪಿಗಿಂತ ಕಪ್ಪು. ಇವುಗಳ ಅರ್ಥ ತಿಳಿದಿರಲಿ, ಏಕೆಂದರೆ ಗಿರಾಕಿಗಳು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಾರೆ. ಆದರೆ ನಿಮ್ಮ ಬಾಯಿಂದ ಅವು ಬರುವುದು ಬೇಡ, ವ್ಯಕ್ತಿಯ ಬಗ್ಗೆ ಕಾಲಾ, ಕಾಲೀ ಎಂಬುದಂತೂ ಬೇಡವೇ ಬೇಡ. ಸೀರೆಯನ್ನು ಹೆಗಲ ಮೇಲೆ ಹಾಕಿ ಕನ್ನಡಿಯ ಕಡೆ ತಿರುಗಿಸಿ ‘ಆಪ್ ಪರ್ ಯಹ್ ರಂಗ್ ಖಿಲೇಗಾ’ ಎನ್ನಿ. ಖಿಲ್ನಾ ಎಂದರೆ ಅರಳುವುದು. ಮೈಬಣ್ಣದ ಹೆಸರೆತ್ತದೆ ಇಷ್ಟನ್ನು ಯಾರಿಗೆ ಬೇಕಾದರೂ ಹೇಳಬಹುದು.